ರೇಲಿಂಗಿಲ್ಲದ ಮೆಟ್ಟಿಲು

ನಮ್ಮ ಮನೆಯ ಮೆಟ್ಟಿಲು ಮೂರು ಪುಸ್ತಕಗಳಲ್ಲಿ ಅಚ್ಚಾಗಿದೆ. ಒಂದರಲ್ಲಂತೂ ಇಡೀ ಪುಟ. ಅದೇ ಮೆಟ್ಟಿಲನ್ನು ನಲವತ್ತು ವರ್ಷ ಗುಡಿಸಿ ಒರೆಸಿದ ನಾನು ಮಾತ್ರ ಒಂದರಲ್ಲೂ ಇಲ್ಲ. ಫೋಟೋ ತೆಗೆದ ದಿನ ನನ್ನನ್ನು ಅಡುಗೆಮನೆಗೆ ಅಟ್ಟಿದ್ದರು, ನಾನು ತೊಟ್ಟಿದ್ದ ಹೂವಿನ ಬಟ್ಟೆ ಗೋಡೆಯ ಶಾಂತಿ ಕೆಡಿಸುತ್ತದೆ ಅಂತ. ಗೋಡೆಗೆ ಶಾಂತಿ ಬೇಕಂತೆ, ನನಗೆ ಬೇಡವಂತೆ! ಇರಲಿ, ಅದು ಹಳೆಯ ಜಗಳ. ಈಗ ಹೇಳಹೊರಟಿದ್ದು ಹೊಸದು.

ಮೆಟ್ಟಿಲು ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಟ್ಟು ಹದಿನಾಲ್ಕು. ಒಂದೊಂದೂ ಗೋಡೆಯಿಂದ ನೇರ ಹೊರಗೆ ಚಾಚಿಕೊಂಡ ಕಾಂಕ್ರೀಟಿನ ಹಲಗೆ. ಕೆಳಗೆ ಆಧಾರವಿಲ್ಲ, ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ ಬರೀ ಗಾಳಿ. ಒಂದು ಪಕ್ಕ ನುಣ್ಣನೆಯ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಹೌದು, ಏನೂ ಇಲ್ಲ. ರೇಲಿಂಗು ಇಲ್ಲ, ಕಂಬಿ ಇಲ್ಲ, ಬೀಳುವಾಗ ಹಿಡಿದುಕೊಳ್ಳಲು ಒಂದು ಮೊಳೆಯೂ ಇಲ್ಲ. ಮನೆಗೆ ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿ, "ಮೆಟ್ಟಿಲು ಗಾಳೀಲಿ ತೇಲ್ತಾ ಇದೆಯಲ್ಲ!" ಅನ್ನುತ್ತಾರೆ. ಆಮೇಲೆ ನಮ್ಮವರು ಮೇಲೆ ಕರೆದಾಗ, "ಪರವಾಗಿಲ್ಲ, ಇಲ್ಲೇ ಕೂರ್ತೀವಿ" ಅನ್ನುತ್ತಾರೆ.

ನಮ್ಮವರು ಆರ್ಕಿಟೆಕ್ಟು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠವನ್ನೂ ಮಾಡಿದವರು. ಹುಡುಗರು ಅವರಿಗೆ ಇಟ್ಟ ಹೆಸರು ಸರಳರೇಖೆ. ಅವರ ಸಿದ್ಧಾಂತ ನನಗೆ ಬಾಯಿಪಾಠ, ಯಾಕೆಂದರೆ ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೇನೆ. ಉಪಯೋಗ ಮುಂದೆ ನಡೆಯಬೇಕು, ಆಕಾರ ಅದರ ಹಿಂದೆ ಬರಬೇಕು. ಬೇಡವಾದದ್ದನ್ನೆಲ್ಲ ತೆಗೆದ ಮೇಲೆ ಏನು ಉಳಿಯುತ್ತದೋ ಅದೇ ಮನೆ. ಮನೆ ಸುಳ್ಳು ಹೇಳಬಾರದು. ಕಾಂಕ್ರೀಟು ಕಾಂಕ್ರೀಟಿನಂತೆಯೇ ಕಾಣಬೇಕು, ಕಬ್ಬಿಣ ಕಬ್ಬಿಣದಂತೆ. ಅದಕ್ಕೇ ನಮ್ಮ ಮನೆಯಲ್ಲಿ ನೀರಿನ ಪೈಪೂ ಕಾಣುತ್ತದೆ, ವಿದ್ಯುತ್ತಿನ ತಂತಿಯೂ ಕಾಣುತ್ತದೆ. ನನ್ನ ಕೋಣೆಯ ಬಾಗಿಲ ಪಕ್ಕ, ಮೆಟ್ಟಿಲು ಮುಗಿಯುವಲ್ಲಿ, ಗೋಡೆಯಿಂದ ಒಂದು ದಪ್ಪ ಕಬ್ಬಿಣದ ಕೊಂಡಿ ಹೊರಗೆ ಬಂದಿದೆ. ಮನೆ ಕಟ್ಟುವಾಗ ಭಾರದ ಸಾಮಾನು ಎಳೆದುಕೊಳ್ಳಲು ಹಾಕಿದ್ದು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಅದನ್ನು ಕತ್ತರಿಸಲು ಹೋದಾಗ ಇವರು ತಡೆದರು. "ಮನೆ ಹೇಗೆ ಕಟ್ಟಿದ್ದು ಅನ್ನೋದನ್ನ ಮುಚ್ಚಿಡಬಾರದು" ಅಂದರು. ಆ ಕೊಂಡಿಗೆ ಭುಜ ತಾಗಿಸಿಕೊಂಡು ನನ್ನ ಬಟ್ಟೆಯ ಎಷ್ಟು ತೋಳು ಹರಿದಿದೆಯೋ ಲೆಕ್ಕವಿಲ್ಲ.

ಮಗಳೂ ಆರ್ಕಿಟೆಕ್ಟೇ. ನಲವತ್ತಾಗುತ್ತಾ ಬಂತು, ಆದರೂ ನಮಗೆ ಪುಟ್ಟಿಯೇ. ಎರಡು ಬೀದಿ ಆಚೆ ಅವಳ ಆಫೀಸು. ಅಪ್ಪ ಎಡಕ್ಕೆ ಅಂದರೆ ಇವಳು ಬಲಕ್ಕೆ. ಅವಳ ಆಫೀಸಿನ ಬಾಗಿಲ ಮೇಲೆ ಹಳೆಯ ಕಾಲದ ಅರಮನೆಗಿರುವಂಥ ಮುಕುಟ. ಅದೂ ನಡುವೆ ಸೀಳಿಕೊಂಡಿದೆ, ನವಿಲು ಬಣ್ಣ ಬಳಿದುಕೊಂಡಿದೆ. ಒಳಗೊಂದು ದುಂಡು ಕಂಬ. ಅದು ಚಾವಣಿಯಿಂದ ಇಳಿದು ಬಂದು ನೆಲ ಒಂದು ಗೇಣು ಇರುವಾಗಲೇ ನಿಂತುಬಿಡುತ್ತದೆ. ಪ್ರಾರಂಭದ ದಿನ ನಮ್ಮವರು ಆ ಕಂಬದ ಕೆಳಗೆ ಅಂಗೈ ಒಡ್ಡಿಕೊಂಡು, ಬಗ್ಗಿ, ಹತ್ತು ನಿಮಿಷ ಹಾಗೇ ಇದ್ದರು. ಬಂದವರೆಲ್ಲ ಸೊಂಟ ಹಿಡಿದುಕೊಂಡಿತೇನೋ ಅಂತ ಗಾಬರಿಯಾದರು.

"ಅಪ್ಪ, ಏನ್ ಮಾಡ್ತಿದ್ದೀಯ?" ಅಂದಳು ಪುಟ್ಟಿ.

"ಇದು ಏನನ್ನ ಹೊತ್ಕೊಂಡಿದೆ ಅಂತ ನೋಡ್ತಿದ್ದೀನಿ."

"ಏನನ್ನೂ ಹೊತ್ಕೊಂಡಿಲ್ಲ. ಅದು ಕಂಬ ಅಲ್ಲ, ಕಂಬದ ನೆನಪು."

"ನೆನಪಿಗೆ ಇಷ್ಟು ಸಿಮೆಂಟು ಯಾಕಮ್ಮ?"

ಅಲ್ಲಿಂದ ಶುರುವಾದದ್ದು ಇನ್ನೂ ಮುಗಿದಿಲ್ಲ. ಪುಟ್ಟಿ ಹೇಳುವುದು ಹೀಗೆ: ಖಾಲಿ ಗೋಡೆ ಯಾರ ಜೊತೆಯೂ ಮಾತಾಡುವುದಿಲ್ಲ. ಕಟ್ಟಡ ಒಂದೇ ಸಲ ಇಬ್ಬರ ಜೊತೆ ಮಾತಾಡಬೇಕು, ಓದಿದವನಿಗೆ ಒಂದು ಜೋಕು, ದಾರಿಹೋಕನಿಗೆ ಒಂದು ಬಾಗಿಲು. ಹಿಂದಿನವರು ಕಟ್ಟಿದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುತ್ತೇವೆ ಅನ್ನುವುದು ಬರೀ ಜಂಬ. ಇದೋ ಅದೋ ಅಂತ ಆರಿಸಬೇಕಿಲ್ಲ, ಇದೂ ಇರಲಿ, ಅದೂ ಇರಲಿ. ನಮ್ಮವರು ಇದಕ್ಕೆಲ್ಲ ಒಂದೇ ಮಾತು ಹೇಳುತ್ತಾರೆ: "ಜೋಕು ಹಳೇದಾಗುತ್ತೆ, ಗೋಡೆ ನಿಂತಿರುತ್ತೆ." ನಾನು ನಡುವೆ ಕೂತು ಇಬ್ಬರಿಗೂ ಬಡಿಸುತ್ತೇನೆ. ಸಿದ್ಧಾಂತ ಏನೇ ಇರಲಿ, ಇಬ್ಬರೂ ತಟ್ಟೆ ಎತ್ತಿಡದೆ ಏಳುವುದರಲ್ಲಿ ಮಾತ್ರ ಒಂದೇ ಪಕ್ಷ.

ನಾನು ಯಾರು ಅಂತ ಹೇಳಲೇ ಇಲ್ಲ ನೋಡಿ. ನಾನು ಪುಸ್ತಕಕ್ಕೆ ರಟ್ಟು ಹಾಕುವವಳು. ಹರಿದುಹೋದ ಪುಸ್ತಕ ಬಿಚ್ಚಿ, ಹಾಳೆ ಜೋಡಿಸಿ, ಹೊಲಿದು, ಬೆನ್ನಿಗೆ ಬಟ್ಟೆ ಕೊಟ್ಟು, ಪ್ರೆಸ್ಸಿನಲ್ಲಿ ಒತ್ತಿ ಮತ್ತೆ ಗಟ್ಟಿ ಮಾಡಿ ಕೊಡುತ್ತೇನೆ. ನನ್ನ ಕೈಯಿಂದ ಹೋದ ಪುಸ್ತಕ ಇನ್ನೈವತ್ತು ವರ್ಷ ಬಿಚ್ಚುವುದಿಲ್ಲ, ಬೇಕಾದರೆ ಎಳೆದು ನೋಡಿ. ನನ್ನ ಕೆಲಸದ ಕೋಣೆ ಮಹಡಿಯಲ್ಲಿ, ಆ ಹದಿನಾಲ್ಕು ಮೆಟ್ಟಿಲ ಮೇಲೆ. ಅಲ್ಲಿ ದಿನವಿಡೀ ಕಣ್ಣು ಕುಕ್ಕದ ಬೆಳಕು. ಎರಕದ ಕಬ್ಬಿಣದ ಪ್ರೆಸ್ಸು ಎಷ್ಟು ಭಾರವೆಂದರೆ, ಮನೆ ಕಟ್ಟುವಾಗಲೇ ಅದೇ ಕೊಂಡಿಗೆ ಹಗ್ಗ ಹಾಕಿ, ಹಲಗೆ ಜೋಡಿಸಿ, ಆರು ಜನ ಎಳೆದು ಮೇಲೆ ತಂದದ್ದು. ಇನ್ನು ಅದು ಕೆಳಗೆ ಬರುವ ಮಾತೇ ಇಲ್ಲ.

ನಾಲ್ಕು ತಿಂಗಳ ಹಿಂದೆ ನಾನು ಎರಡನೇ ಮೆಟ್ಟಿಲಿಂದ ಜಾರಿ ಬಿದ್ದೆ. ಪುಣ್ಯಕ್ಕೆ ಎರಡನೆಯದು. ಮೊಣಕಾಲು ಕುಂಬಳಕಾಯಿಯಾಯಿತು. ಆರು ವಾರಕ್ಕೆ ಊತ ಇಳಿಯಿತು, ನಡಿಗೆಯೂ ಬಂತು. ಡಾಕ್ಟರಮ್ಮ, "ಮೆಟ್ಟಿಲು ಹತ್ತಿ, ಒಳ್ಳೇದೇ. ಆದ್ರೆ ಏನಾದ್ರೂ ಹಿಡ್ಕೊಂಡೇ ಹತ್ತಬೇಕು. ಇನ್ನೊಂದ್ಸಲ ಬಿದ್ರೆ ನನ್ನ ಹತ್ರ ಬರಬೇಡಿ" ಅಂದರು. ಹಿಡಿದುಕೊಳ್ಳುವುದು ಏನನ್ನು? ನಮ್ಮವರು ಕೈ ಕೊಡುತ್ತೇನೆ ಅಂದರು, ಆದರೆ ಆ ಹಲಗೆಯ ಮೇಲೆ ಇಬ್ಬರು ನಿಲ್ಲಲು ಜಾಗವಿಲ್ಲ. ಮಹಡಿಯ ಪ್ರೆಸ್ಸಿನಲ್ಲಿ ಲೈಬ್ರರಿಯ ಭೂಪಟದ ಪುಸ್ತಕವೊಂದು ಹೊಲಿಗೆಯಾಗಿ ರಟ್ಟಿಗೆ ಕಾದು ಕೂತಿತ್ತು. ನಾನು ಕೆಳಗೆ, ಅದು ಮೇಲೆ. ಬೆಳಗಾಗೆದ್ದು ಆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೆ.

"ರೀ, ಒಂದು ರೇಲಿಂಗು ಹಾಕಿಸಿ" ಅಂದೆ.

"ನೋಡೋಣ" ಅಂದರು.

ನಲವತ್ತು ವರ್ಷದ ಸಂಸಾರದಲ್ಲಿ ಅವರ "ನೋಡೋಣ" ಅಂದರೆ ಏನು ಅಂತ ನನಗೆ ಗೊತ್ತಿಲ್ಲವೇ! ಕಿಟಕಿಗೆ ಪರದೆ ಬೇಕು ಅಂದಾಗ "ನೋಡೋಣ". ಬಾಗಿಲ ಬಳಿ ಕೂತು ಚಪ್ಪಲಿ ಹಾಕಿಕೊಳ್ಳಲು ಒಂದು ಜಗುಲಿ ಅಂದಾಗ "ನೋಡೋಣ". ಇವತ್ತಿಗೂ ಗೋಡೆ ಹಿಡಿದು ಒಂಟಿಕಾಲಲ್ಲಿ ಚಪ್ಪಲಿ ಹಾಕುತ್ತೇನೆ. ಆಮೇಲೆ ಅವರು ದಿನಾ ಮಧ್ಯಾಹ್ನ "ಮೇಲಿನ ಬೆಳಕು ನೋಡಿ ಬರ್ತೀನಿ" ಅಂತ ಮಹಡಿಗೆ ಹೋಗತೊಡಗಿದರು. ಅಪ್ಪ ಮಗಳಿಗೆ ಬೆಳಕಿನ ಹುಚ್ಚು, ಹೋಗಲಿ ಅಂತ ಬಿಟ್ಟೆ. ಒಂದು ದಿನ ಇಳಿದು ಬಂದಾಗ ಬೆರಳ ತುದಿಯಲ್ಲಿ ಒಣಗಿದ ಅಂಟು.

"ಇದೇನು, ನನ್ನ ಅಂಟಿಗೆ ಕೈ ಹಾಕಿದ್ದೀರಾ?"

"ಹಳೇ ನಕ್ಷೆ ಒಂದು ಹರಿದಿತ್ತು, ಅಂಟಿಸ್ದೆ" ಅಂದು ಕೈ ತೊಳೆಯಲು ಹೋದರು. ನಾನು ಕೆಳಗೆ ಕೊಳೆಯುತ್ತಿದ್ದೇನೆ, ಇವರಿಗೆ ಹಳೆಯ ನಕ್ಷೆಯ ಚಿಂತೆ! ಅವತ್ತು ಸಂಜೆ ಕಾಫಿಗೆ ಬೇಕಂತಲೇ ಸಕ್ಕರೆ ಹಾಕಲಿಲ್ಲ. ಅವರು ಅದನ್ನೂ ಕುಡಿದು, "ಶುದ್ಧವಾಗಿದೆ" ಅಂದರು.

ಹೀಗಿರುವಾಗ ಕಾಗದ ಬಂತು. ಹಳೆಯ ಒಳ್ಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಪಾಡುವ ಸಮಿತಿಯೊಂದಿದೆ. ಅವರು ನಮ್ಮ ಮನೆಯನ್ನು ನೋಡಲು ಬರುತ್ತಾರಂತೆ, ಇನ್ನು ಎಂಟು ದಿನಕ್ಕೆ. ಒಪ್ಪಿಗೆಯಾದರೆ ಮೊದಲ ದರ್ಜೆ. ಈ ಊರಲ್ಲಿ ಇನ್ನೂ ಬದುಕಿರುವ ಆರ್ಕಿಟೆಕ್ಟರ ಮನೆಗೆ ಮೊದಲ ದರ್ಜೆ ಸಿಕ್ಕಿದ್ದೇ ಇಲ್ಲ. ನಮ್ಮವರು ಕಾಗದವನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡದಂತೆ ಇದ್ದೆ. ಖುಷಿಯಾಯಿತು ಕಣ್ರೀ, ಸುಳ್ಳು ಯಾಕೆ ಹೇಳಲಿ. ಆ ಮನುಷ್ಯ ಬದುಕಿಡೀ ಜನರ ಹತ್ತಿರ "ಇದೇನು ಗೋದಾಮಾ?" ಅನ್ನಿಸಿಕೊಂಡವರು.

ಪುಟ್ಟಿ ಕಾಗದದ ಹಿಂಬದಿ ತಿರುಗಿಸಿ ಸಣ್ಣ ಅಕ್ಷರ ಓದಿದಳು. "ಅಮ್ಮ, ಕೇಳು. ಮೊದಲ ದರ್ಜೆ ಸಿಕ್ಕ ಮನೇಲಿ ಆಮೇಲೆ ಒಂದು ಮೊಳೇನೂ ಹೊಡೆಯೋ ಹಾಗಿಲ್ಲ. ಕಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು. ಎರಡನೇ ದರ್ಜೆಯಾದ್ರೆ ಅಗತ್ಯದ ಬದಲಾವಣೆ ಮಾಡ್ಕೋಬಹುದು."

"ಅಂದ್ರೆ ರೇಲಿಂಗು?"

"ಅಂದ್ರೆ ರೇಲಿಂಗು ಯಾವತ್ತೂ ಇಲ್ಲ."

ನನ್ನ ಖುಷಿ ಅಲ್ಲೇ ಇಳಿದುಹೋಯಿತು. ನಾನು ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. "ನೋಡಿ, ಇಬ್ಬರೂ ಕಿವಿಗೊಟ್ಟು ಕೇಳಿ. ಮನೇಲಿ ಇಬ್ಬಿಬ್ಬರು ಆರ್ಕಿಟೆಕ್ಟುಗಳಿದ್ದೀರಿ. ಎಂಟು ದಿನ ಇದೆ. ಅವರು ಬರೋದ್ರೊಳಗೆ ನಾನು ಮೇಲೆ ಹತ್ತಬೇಕು. ಇಲ್ದಿದ್ರೆ ಬಂದವರ ಮುಂದೆ ಇದೇ ಮೊದಲ ಮೆಟ್ಟಿಲ ಮೇಲೆ ಹೂವಿನ ಬಟ್ಟೆ ಹಾಕ್ಕೊಂಡು ಕೂತ್ಕೋತೀನಿ. ಫೋಟೋ ಹೇಗೆ ತೆಗೀತಾರೋ ನೋಡ್ತೀನಿ!"

ಬೆದರಿಕೆ ಕೆಲಸ ಮಾಡಿತು. ಎರಡನೇ ದಿನಕ್ಕೆ ನಮ್ಮವರು ಒಂದು ಉಕ್ಕಿನ ತಂತಿ ತಂದರು, ಪೆನ್ಸಿಲಿಗಿಂತ ತೆಳ್ಳಗೆ. ಕುರ್ಚಿಯಿಂದ ಕುರ್ಚಿಗೆ ಬಿಗಿದು ತೋರಿಸಿದರು. "ಇದಕ್ಕಿಂತ ಕಡಿಮೆ ವಸ್ತುವಿನಲ್ಲಿ ರೇಲಿಂಗು ಸಾಧ್ಯವಿಲ್ಲ. ದೂರದಿಂದ ಕಾಣೋದೂ ಇಲ್ಲ" ಅಂದರು, ಹೆಮ್ಮೆಯಿಂದ. ನಾನು ಹಿಡಿದು ಮೈಭಾರ ಬಿಟ್ಟೆ. ಅಂಗೈ ಮೇಲೆ ಕೆಂಪು ಗೆರೆ ಬಿತ್ತು.

"ಕಾಣಿಸಲ್ಲ ನಿಜ. ಆದ್ರೆ ಕೈ ಕತ್ತರಿಸುತ್ತೆ. ಇದನ್ನ ಅಡುಗೆಮನೇಲಿ ಇಡಿ, ತರಕಾರಿ ಹೆಚ್ಚೋಕಾಗುತ್ತೆ" ಅಂದೆ. ಅವರು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಮಹಡಿಗೆ ಹೋದರು. ನನಗೆ ಇನ್ನಷ್ಟು ಸಿಟ್ಟು ಬಂತು.

ಐದನೇ ದಿನ ಪುಟ್ಟಿಯ ಸರದಿ. ಇಬ್ಬರು ಕೆಲಸಗಾರರು ಒಂದು ದೊಡ್ಡ ಹಲಗೆ ಹೊತ್ತು ತಂದರು. ಅದರ ಮೇಲೆ ಹಳೆಯ ಬಂಗಲೆಗಳಲ್ಲಿ ಇರುತ್ತದಲ್ಲ, ಹೊಟ್ಟೆ ಉಬ್ಬಿದ ಪುಟ್ಟ ಪುಟ್ಟ ಕಂಬಗಳ ರೇಲಿಂಗು, ಅದರ ಅರ್ಧ. ಸೀಳಿದ ಅರ್ಧ, ಗುಲಾಬಿ ಬಣ್ಣ. ಮೆಟ್ಟಿಲ ಗೋಡೆಗೆ ಒರಗಿಸಿ ನಿಲ್ಲಿಸಿದರು. ನೋಡಲು ಚೆನ್ನಾಗಿಯೇ ಇತ್ತು, ನಗು ಬರುತ್ತಿತ್ತು.

"ಅಪ್ಪನ ಮೆಟ್ಟಿಲಿಗೆ ಕಳೆದುಹೋದ ರೇಲಿಂಗನ್ನ ನೆನಪಿಸ್ತಿದ್ದೀನಿ. ಗಂಭೀರವಾಗೂ ಇದೆ, ತಮಾಷೆಯಾಗೂ ಇದೆ" ಅಂದಳು.

ನಾನು ಹಿಡಿದುಕೊಳ್ಳಲು ಕೈ ಹಾಕಿದೆ. ಬೆರಳು ಹಿಂದಕ್ಕೆ ಹೋಗಲೇ ಇಲ್ಲ. ಹಲಗೆಗೆ ಅಂಟಿಸಿದ್ದು, ಹಿಂದೆ ಸಂದೇ ಇಲ್ಲ. "ಪುಟ್ಟಿ, ಇದನ್ನ ಹಿಡ್ಕೊಳ್ಳೋದು ಹೇಗೆ?"

"ಹಿಡ್ಕೊಳ್ಳೋದು... ಅಮ್ಮ, ಇದು ರೇಲಿಂಗಿನ ಸಂಕೇತ."

"ಸರಿಹೋಯ್ತು! ಹಾಗಾದ್ರೆ ನಾನು ಬೀಳೋದನ್ನೂ ಸಂಕೇತ ಅಂದ್ಕೋಬೇಕಾ?"

ನಮ್ಮವರು ನಕ್ಕುಬಿಟ್ಟರು. ಪುಟ್ಟಿ "ನೀನೇನು ನಗೋದು, ನಿನ್ನ ತಂತಿ ಅಮ್ಮನ ಕೈ ಕೊಯ್ತು" ಅಂದಳು. ಮತ್ತೆ ಶುರುವಾಯಿತು. ಸತ್ಯ, ಸುಳ್ಳು, ಸಂಕೇತ, ಉಪಯೋಗ, ಇತಿಹಾಸ. ಅಪ್ಪ ಮಗಳು ಸೇರಿ ರೇಲಿಂಗಿನ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಅವರೆಕಾಳು ಬಿಡಿಸಿ ಮುಗಿಸಿದೆ.

ಎಂಟನೇ ದಿನ ಬಂದೇಬಿಟ್ಟಿತು. ನಮ್ಮ ಮನೆಯ ಮುಂಭಾಗ ಪೂರಾ ಗಾಜು, ನೆಲದಿಂದ ಚಾವಣಿವರೆಗೆ. ಅದನ್ನು ಒರೆಸಲು ಬೆಳಿಗ್ಗೆಯೇ ಗಾಜು ಒರೆಸುವವನು ಬಂದ. ಅವನು ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡುವವನು. ನಮ್ಮ ಮನೆ ಅವನಿಗೆ ಮಕ್ಕಳಾಟ. ಅಪ್ಪ ಮಗಳು ಅಂಗಳದಲ್ಲಿ ಆ ಗುಲಾಬಿ ಹಲಗೆಯನ್ನು ಎಲ್ಲಿ ಅಡಗಿಸಿಡುವುದು ಅಂತ ವಾದಿಸುತ್ತಿದ್ದರು. ನಾನು ಹೇಳಿದಂತೆಯೇ ಹೂವಿನ ಬಟ್ಟೆ ತೊಟ್ಟು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಒಂದು ಮೆಟ್ಟಿಲು ಹತ್ತಿದೆ, ಇಳಿದೆ. ಮತ್ತೆ ಹತ್ತಿದೆ, ಇಳಿದೆ.

ಗಾಜಿನ ಆಚೆಯಿಂದ ಅವನು ನೋಡುತ್ತಿದ್ದ. ಕೆಳಗಿಳಿದು ಒಳಗೆ ಬಂದ. "ಏನ್ ಅಮ್ಮಾವ್ರೇ, ಮೇಲೆ ಹೋಗ್ಬೇಕಾ?"

"ಹೋಗ್ಬೇಕಪ್ಪ. ನಾಲ್ಕು ತಿಂಗಳಾಯ್ತು."

"ಹಿಡ್ಕೊಳ್ಳೋಕೆ ಏನೂ ಇಲ್ವಲ್ಲ. ಕಟ್ಟಿದವರು ಮರೆತ್ರಾ?"

"ಮರೆತಿಲ್ಲ. ಯೋಚನೆ ಮಾಡಿ ಬಿಟ್ಟಿದ್ದಾರೆ."

ಅವನು ತಲೆ ಕೆರೆದುಕೊಂಡ. ಮೇಲೆ ನೋಡಿದ, ಕೊಂಡಿ ಕಂಡಿತು. ಕೆಳಗೆ ನೋಡಿದ, ಮೆಟ್ಟಿಲ ಬುಡದಲ್ಲಿ ಚಾವಣಿ ಹೊತ್ತ ಉಕ್ಕಿನ ಕಂಬ ಕಂಡಿತು. ಚೀಲದಿಂದ ಒಂದು ಹಗ್ಗ ತೆಗೆದ. ನನ್ನ ಹೆಬ್ಬೆರಳಿಗಿಂತ ದಪ್ಪ, ಬಿಳಿ, ಮೆತ್ತಗೆ. ದಡದಡ ಹತ್ತಿ ಹೋಗಿ ಕೊಂಡಿಗೆ ಬಿಗಿದ, ಇಳಿದು ಬಂದು ಕಂಬಕ್ಕೆ ಸುತ್ತಿ, ಮೊಣಕಾಲು ಕೊಟ್ಟು ಎಳೆದು ಗಂಟು ಹಾಕಿದ. ಆಮೇಲೆ ಕೈಯಿಂದ ಹೊಡೆದ, ಹಗ್ಗ ಝುಂ ಅಂದಿತು. ಸಾಲದ್ದಕ್ಕೆ ಇನ್ನೊಂದು ತುಂಡು ತೆಗೆದು ಮೆಟ್ಟಿಲಿಗೊಂದರಂತೆ ಹದಿನಾಲ್ಕು ಕಡೆ ಸುತ್ತಿ ಗಂಟು ಕಟ್ಟಿದ, ಕೈ ಜಾರದಿರಲಿ ಅಂತ.

"ಇದ್ರಲ್ಲಿ ನಾನು ಇಪ್ಪತ್ತು ಮಹಡಿ ಇಳೀತೀನಿ. ನಿಮಗೆ ಹದಿನಾಲ್ಕು ಮೆಟ್ಟಿಲು ಯಾವ ಲೆಕ್ಕ? ಹತ್ತಿ" ಅಂದ.

ಹಿಡಿದೆ. ಕೈ ತುಂಬ ಸಿಕ್ಕಿತು. ಒಂದು, ಎರಡು. ಎರಡನೆಯದರ ಮೇಲೆ ಸ್ವಲ್ಪ ನಿಂತೆ, ಬಿದ್ದದ್ದು ಅಲ್ಲೇ ತಾನೇ. ಗಂಟನ್ನು ಅಮುಕಿ ಹಿಡಿದು ಮೂರನೆಯದಕ್ಕೆ ಕಾಲಿಟ್ಟೆ. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಸಮಿತಿಯವರು ಇಬ್ಬರು. ಹಿರಿಯ ಹೆಂಗಸೊಬ್ಬರು ಮುಖ್ಯಸ್ಥೆ, ಕೈಯಲ್ಲಿ ಹಳೆಯ ಫೋಟೋ. ಜೊತೆಯಲ್ಲಿ ಅಳತೆಯ ಟೇಪು ಹಿಡಿದ ಗುಮಾಸ್ತ. ಅವರ ಹಿಂದೆ ನಮ್ಮವರು, ಪುಟ್ಟಿ. ಎಲ್ಲರೂ ಒಟ್ಟಿಗೆ ಮೆಟ್ಟಿಲನ್ನು ನೋಡಿದರು. ಮೆಟ್ಟಿಲ ಮೇಲೆ ನಾನು, ಹೂವಿನ ಬಟ್ಟೆ, ಹಗ್ಗ. ನಮ್ಮವರ ಮುಖ ಕಾಂಕ್ರೀಟಿನ ಬಣ್ಣಕ್ಕೆ ಬಂತು.

ಮುಖ್ಯಸ್ಥೆ ಮನೆಯೆಲ್ಲ ಸುತ್ತಿದರು. ಪೈಪು ಮೆಚ್ಚಿದರು, ಗೋಡೆ ಸವರಿದರು. ನಾನು ಇಳಿಯಲೇ ಇಲ್ಲ. ಮೂರನೇ ಮೆಟ್ಟಿಲ ಮೇಲೆ ಪಟ್ಟು ಹಿಡಿದು ನಿಂತಿದ್ದೆ. ಕೊನೆಗೆ ಅವರು ಮೆಟ್ಟಿಲ ಹತ್ತಿರ ಬಂದು ಒಮ್ಮೆ ಫೋಟೋವನ್ನು, ಒಮ್ಮೆ ನನ್ನನ್ನು ನೋಡಿದರು.

"ಸರ್, ಮನೆ ಅದ್ಭುತವಾಗಿದೆ. ಮೊದಲ ದರ್ಜೆಗೆ ಅನುಮಾನವೇ ಇಲ್ಲ. ಈ ಹಗ್ಗ ಮಾತ್ರ ಮೂಲದಲ್ಲಿ ಇಲ್ಲ. ಬಿಚ್ಚಿಸಿ, ಇನ್ನು ಮುಂದೆ ಏನೂ ಸೇರಿಸಲ್ಲ ಅಂತ ಇಲ್ಲೊಂದು ಸಹಿ ಹಾಕಿಬಿಡಿ" ಅಂದು ಕಾಗದ ಚಾಚಿದರು.

ನಮ್ಮವರು ಜೇಬಿನಿಂದ ಪೆನ್ನು ತೆಗೆದರು. ಬೈಯಬೇಕೆಂದುಕೊಂಡೆ, ಬೈಯಲಿಲ್ಲ. ಆ ಕಾಗದಕ್ಕಾಗಿ ಅವರು ನಲವತ್ತು ವರ್ಷ ಕಾದಿದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ, ಅಷ್ಟೆ.

ಅವರು ಸಹಿ ಹಾಕಲಿಲ್ಲ. ಹಗ್ಗವನ್ನು ನೋಡಿದರು. ಹತ್ತಿರ ಬಂದು ಒಂದು ಗಂಟು ಮುಟ್ಟಿದರು. ಕಂಬದಿಂದ ಕೊಂಡಿಯವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆದರು.

"ಮೇಡಂ, ಮೆಟ್ಟಿಲು ಯಾಕಿರುತ್ತೆ?" ಅಂದರು.

"ಹತ್ತೋಕೆ" ಅಂದರು ಮುಖ್ಯಸ್ಥೆ, ಗಲಿಬಿಲಿಯಾಗಿ.

"ಈ ಮನೇಲಿ ಮೇಲೆ ಕೆಲಸ ಇರೋದು ಇವಳಿಗೆ. ಇವಳು ನಾಲ್ಕು ತಿಂಗಳಿಂದ ಹತ್ತಿಲ್ಲ. ಹತ್ತೋಕಾಗದ ಮೆಟ್ಟಿಲು ಮೆಟ್ಟಿಲಲ್ಲ, ಅಲಂಕಾರ. ಬದುಕಿಡೀ ಅಲಂಕಾರ ಬೇಡ ಬೇಡ ಅಂತ ಪಾಠ ಮಾಡ್ದೆ. ಈ ಬೀದೀಲಿ ಎಲ್ಲಕ್ಕಿಂತ ದೊಡ್ಡ ಅಲಂಕಾರ ನನ್ನ ಮನೇಲೇ ಇದೆ, ಹದಿನಾಲ್ಕು ಹಲಗೆಯದ್ದು." ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಎರಡನೇ ದರ್ಜೆ ಬರ್ಕೊಳ್ಳಿ."

ಚದುರಂಗದಲ್ಲಿ ಮೊಮ್ಮಕ್ಕಳ ವಯಸ್ಸಿನವರ ಹತ್ತಿರವೂ ಸೋಲೊಪ್ಪದ ಮನುಷ್ಯ! ಎರಡನೆಯದು ಅನ್ನುವ ಮಾತು ಆ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅಪ್ಪ..." ಅಂದಳು ಪುಟ್ಟಿ. ಅವರ ತೋಳು ಹಿಡಿದುಕೊಂಡಳು. ಆದರೂ ಹುಟ್ಟುಗುಣ ಬಿಡುತ್ತದೆಯೇ? "ಈ ಗಂಟುಗಳು ಮಾತ್ರ ಅಲಂಕಾರವೇ."

"ಅಲ್ಲ. ಗಂಟು ಇಲ್ದಿದ್ರೆ ಕೈ ಜಾರುತ್ತೆ."

"ಹಡಗಿನ ಹಗ್ಗದ ನೆನಪೂ ಬರುತ್ತಲ್ಲ?"

"ಬರಲಿ ಬಿಡು. ಬಂದ್ರೆ ನಾನೇನು ಬೇಡ ಅಂದ್ನಾ?"

"ನೀವಿಬ್ಬರೂ ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಳ್ಳಿ. ನಾನು ಹತ್ತಬೇಕು" ಅಂದೆ.

ಹತ್ತಿದೆ. ನಾಲ್ಕು, ಐದು, ಆರು. ಮೊಣಕಾಲು ಗೊಣಗಿತು, ಬೈದು ಸುಮ್ಮನಾಗಿಸಿದೆ. ಏಳನೆಯದರ ಮೇಲೆ ನಿಂತು ಉಸಿರು ತೆಗೆದುಕೊಂಡೆ. ಗಾಜು ಒರೆಸುವವನು ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ಮುಖ್ಯಸ್ಥೆ ಕಾಗದ ಎದೆಗೆ ಒತ್ತಿಕೊಂಡು ಕತ್ತೆತ್ತಿ ನೋಡುತ್ತಿದ್ದರು. ನಮ್ಮವರು ಮಾತ್ರ ಯಾಕೋ ಇದ್ದಕ್ಕಿದ್ದಂತೆ ಗಾಬರಿಯಾದರು. "ತಾಳು ತಾಳು, ಕೋಣೆ ಸ್ವಲ್ಪ ಚೆಲ್ಲಾಪಿಲ್ಲಿ ಆಗಿದೆ, ನಾನು ಮೊದಲು ಹೋಗಿ..." ಅಂದರು. ನಾನು ಕೇಳಿಸಿಕೊಳ್ಳುತ್ತೇನೆಯೇ? ಹದಿಮೂರು, ಹದಿನಾಲ್ಕು. ಕೊಂಡಿಗೆ ಒಂದು ಸಲ ಕೈ ಮುಟ್ಟಿಸಿ, ಬಾಗಿಲು ತಳ್ಳಿದೆ.

ಅದೇ ಬೆಳಕು. ಅದೇ ಪ್ರೆಸ್ಸು, ಅದರಲ್ಲಿ ನನ್ನ ಭೂಪಟದ ಪುಸ್ತಕ. ಆದರೆ ನನ್ನ ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕಪಾಟಿನ ಮೇಲೆ, ಎಲ್ಲೆಂದರಲ್ಲಿ ಪುಟ್ಟ ಪುಟ್ಟ ಮೆಟ್ಟಿಲುಗಳು. ರಟ್ಟು ಕತ್ತರಿಸಿ ಅಂಟಿಸಿದವು, ಒಂದೊಂದೂ ಅಂಗೈ ಎತ್ತರ. ಒಂದೊಂದಕ್ಕೂ ಒಂದೊಂದು ಥರದ ರೇಲಿಂಗು. ಬೆಂಕಿಕಡ್ಡಿಯದ್ದು, ತಂತಿಯದ್ದು, ನನ್ನ ಹೊಲಿಗೆ ದಾರದ್ದು, ರಟ್ಟಿನದ್ದು. ಎಣಿಸಿದೆ, ಇಪ್ಪತ್ಮೂರು. ಪ್ರತಿಯೊಂದರ ಬುಡದಲ್ಲೂ ಅವರ ಆ ನೆಟ್ಟಗಿನ ಅಕ್ಷರದಲ್ಲಿ ಪೆನ್ಸಿಲಿನ ಟಿಪ್ಪಣಿ. "ಅವಳ ಹಿಡಿತಕ್ಕೆ ದಪ್ಪ." "ಚಳಿಗಾಲದಲ್ಲಿ ತಣ್ಣಗಿರುತ್ತದೆ, ಅವಳಿಗೆ ಆಗದು." "ನೋಡಲು ಚೆಂದ, ಹಿಡಿಯಲು ಅಲ್ಲ." ಒಂಬತ್ತನೆಯದರ ಮೇಲೆ, "ಅಂಗೈ ಕೊಯ್ಯಿತು. ನನ್ನದೇ ತಪ್ಪು." ನಾನು ಹತ್ತಲಾರದ ಕೋಣೆಯಲ್ಲಿ ಕೂತು ಈ ಮನುಷ್ಯ ಇಷ್ಟು ದಿನವೂ ನನ್ನನ್ನು ಹತ್ತಿಸುವ ದಾರಿ ಹುಡುಕಿದ್ದರು. ಸಿಕ್ಕಿರಲಿಲ್ಲ. ಸಿಗಲಿಲ್ಲ ಅಂತ ಹೇಳಲು ಬಾಯಿ ಬಂದಿರಲಿಲ್ಲ.

ಆರ್ಕಿಟೆಕ್ಟುಗಳು ಮಾದರಿ ಮಾಡುವಾಗ ಅಳತೆ ತಿಳಿಯಲಿ ಅಂತ ಒಂದು ಪುಟ್ಟ ಮನುಷ್ಯನ ಗೊಂಬೆ ಕತ್ತರಿಸಿ ನಿಲ್ಲಿಸುತ್ತಾರೆ. ನಮ್ಮವರ ಮಾದರಿಗಳಲ್ಲಿ ಅದು ಯಾವಾಗಲೂ ಬರಿಯ ಬಿಳಿ ರಟ್ಟು, ಕಣ್ಣಿಲ್ಲ, ಮೂಗಿಲ್ಲ. ಇಲ್ಲಿ ಪ್ರತಿ ಮೆಟ್ಟಿಲ ಮೇಲೂ ಒಂದು ಹೆಂಗಸಿನ ಗೊಂಬೆ ಹತ್ತುತ್ತಿತ್ತು. ಅವಳ ಬಟ್ಟೆಯ ಮೇಲೆ ಹೂವು. ಅಕ್ಕಿಕಾಳಿಗಿಂತ ಸಣ್ಣ ಹೂವುಗಳನ್ನು, ಕೆಂಪು ಪೆನ್ಸಿಲಿನಲ್ಲಿ, ಒಂದೊಂದಾಗಿ ಬರೆದಿದ್ದರು. ಮೂರು ಪುಸ್ತಕಗಳಲ್ಲಿ ಇಲ್ಲದ ನಾನು ಅಲ್ಲಿ ಇಪ್ಪತ್ಮೂರು ಮೆಟ್ಟಿಲ ಮೇಲೆ ನಿಂತಿದ್ದೆ.

ಕಣ್ಣು ತುಂಬಿ ಬಂತು. ಕೆಳಗಿನವರಿಗೆ ಗೊತ್ತಾಗಬಾರದಲ್ಲ, ಅದಕ್ಕೇ ಜೋರಾಗಿ ಕೂಗಿದೆ. "ರೀ! ನನ್ನ ರಟ್ಟೆಲ್ಲ ಮುಗಿಸಿಟ್ಟಿದ್ದೀರಲ್ರೀ! ಲೈಬ್ರರಿ ಪುಸ್ತಕಕ್ಕೆ ಈಗ ಏನು ಹಾಕ್ಲಿ? ಮೇಲೆ ಬನ್ನಿ! ಹಗ್ಗ ಹಿಡ್ಕೊಂಡು ಬನ್ನಿ, ನಿಮಗೇನು ವಯಸ್ಸಾಗಿಲ್ವಾ?"

ಅವರು ಬಂದರು. ಹಗ್ಗ ಹಿಡಿದೇ ಬಂದರು. ಗಂಟಿಂದ ಗಂಟಿಗೆ ಕೈ ಜಾರಿಸಿಕೊಂಡು, ಪ್ರತಿ ಗಂಟಿಗೂ ಒಂದು ಕ್ಷಣ ನಿಂತು. ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು, "ಚೆನ್ನಾಗಿದೆ ಕಣೆ ಹಗ್ಗ. ಇಷ್ಟು ಸುಲಭ ಅಂತ ಹೊಳೀಲೇ ಇಲ್ಲ" ಅಂದರು.

ನಾನು ಒಂದು ಗೊಂಬೆಯನ್ನು ಉಗುರಿನಲ್ಲಿ ಎತ್ತಿ ಅವರ ಮೂಗಿನ ಮುಂದೆ ಹಿಡಿದೆ. "ಇದೇನು? ಬೇಡವಾದದ್ದು ಒಂದು ಗೆರೆಯೂ ಇರಬಾರದು ಅಂತೀರಲ್ಲ, ಈ ಹೂವು ಯಾಕೆ?"

"ಹೂವಿಲ್ದಿದ್ರೆ ಅದು ನೀನು ಅಂತ ಹೇಗೆ ಗೊತ್ತಾಗ್ಬೇಕು?" ಅಂದರು.

ಕೆಳಗಿನಿಂದ ಪುಟ್ಟಿ ಕಿರುಚಿದಳು. "ಅಪ್ಪ! ಏನಂದೆ? ಸಮಿತಿಯವರ ಮುಂದೆ ಇನ್ನೊಂದ್ಸಲ ಹೇಳು! ಅದು ಅಲಂಕಾರ!"

"ಅಲ್ಲ! ಅದು ಮಾಹಿತಿ!" ಅಂತ ಇವರು ಬಾಗಿಲಿಂದ ಹೊರಗೆ ಕತ್ತು ಹಾಕಿ ಕೂಗಿದರು.

ಇನ್ನು ಒಂದೂವರೆ ಗಂಟೆಗೆ ಮೋಸವಿಲ್ಲ ಅಂದುಕೊಂಡೆ. ಗೊಂಬೆಯನ್ನು ಜೋಪಾನವಾಗಿ ಅದರ ಮೆಟ್ಟಿಲ ಮೇಲೆ ನಿಲ್ಲಿಸಿ, ಮೂಗು ಒರೆಸಿಕೊಂಡು, ಪ್ರೆಸ್ಸಿನ ತಿರುಪು ಸಡಿಲಿಸಿ ಕೆಲಸಕ್ಕೆ ಕೂತೆ.